ಗಂಟಲಿನ ಏಕಾದಶಿ

ನನಗೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಕ್ಕಳಿಕೆ ಬರುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಪಕ್ಕದ ಮನೆಯವರು ಅದನ್ನು ಕೇಳಿಯೇ ಒಲೆಯ ಮೇಲೆ ಅನ್ನಕ್ಕಿಡುತ್ತಾರೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸಿಕೊಂಡರು’ ಎಂದು ನಕ್ಕು ಒಂದು ಲೋಟ ನೀರು ಕುಡಿಯುತ್ತಾರಂತೆ. ನಮ್ಮೂರಿನಲ್ಲಿ ಪುಸ್ತಕ ಬರೆದವನಿಗೆ ಬಿಕ್ಕಳಿಕೆ ಬಂತೆಂದರೆ ಅವನ ಪುಸ್ತಕವನ್ನು ಎಲ್ಲೋ ಯಾರೋ ಮನಸ್ಸಿಟ್ಟು ಓದುತ್ತಿದ್ದಾರೆ ಎಂದೇ ಅರ್ಥ. ಅದನ್ನು ನೀರು ಕುಡಿದು ನಿಲ್ಲಿಸಿಕೊಳ್ಳುವ ದಡ್ಡ ಯಾರಿದ್ದಾನೆ? ನಮ್ಮ ಡಾಕ್ಟರ ಬಾಗಿಲಲ್ಲೇ ‘ಬಿಕ್ಕಳಿಕೆಗೆ ಔಷಧಿ ಬರಹಗಾರರಲ್ಲದವರಿಗೆ ಮಾತ್ರ’ ಎಂದು ಬೋರ್ಡು ತೂಗುಹಾಕಿದೆ. ಬರೆಯುವ ಹುಡುಗನಿಗೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಬಂದು, ಬೆಳಗಿನಿಂದ ಜಗಲಿಯ ಮೇಲೆ ಕೂತು, ಗಂಟಲು ಕೇಳಿಕೊಂಡು ಹೋಗುತ್ತಾರೆ.

ಮನಸ್ಸಿಟ್ಟು ಎನ್ನುವ ಮಾತು ಮುಖ್ಯ. ಸುಮ್ಮನೆ ಕಣ್ಣಾಡಿಸಿದರೆ ಏನೂ ಆಗುವುದಿಲ್ಲ. ಅಚ್ಚಿನ ತಪ್ಪು ತಿದ್ದುವವನು ಓದಿದರೆ ಬರುವುದಿಲ್ಲ, ವಿಮರ್ಶೆ ಬರೆಯಲೆಂದು ಓದಿದರೆ ಖಂಡಿತ ಬರುವುದಿಲ್ಲ. ಮೇಷ್ಟ್ರೊಬ್ಬರ ಪದ್ಯ ಪಠ್ಯಪುಸ್ತಕಕ್ಕೆ ಸೇರಿದಾಗ, ಇನ್ನು ಈ ಮನುಷ್ಯ ಬಿಕ್ಕಿ ಬಿಕ್ಕಿಯೇ ಸಾಯುತ್ತಾನೆ ಎಂದು ಅವರ ಹೆಂಡತಿ ಅತ್ತು ಕರೆದು, ತವರಿನಿಂದ ಅಣ್ಣನನ್ನು ಕರೆಸಿಕೊಂಡಿದ್ದರು. ಸಾವಿರಾರು ಮಕ್ಕಳು ಆ ಪದ್ಯವನ್ನು ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದರು. ಮೇಷ್ಟ್ರಿಗೆ ಒಂದು ತೇಗು ಕೂಡ ಬರಲಿಲ್ಲ. ಅಣ್ಣ ಕೆಲವು ದಿನ ಊಟ ಮಾಡಿಕೊಂಡಿದ್ದು ವಾಪಸ್ಸು ಹೋದ. ಇಬ್ಬರು ಕವಿಗಳು ಒಪ್ಪಂದ ಮಾಡಿಕೊಂಡು, ಎದುರುಬದುರು ಕೂತು ಒಬ್ಬರದನ್ನೊಬ್ಬರು ಓದಿದ್ದೂ ಉಂಟು. ಓದುವಾಗ ಇಬ್ಬರ ಕಿವಿಯೂ ಎದುರಿನವನ ಗಂಟಲಿನ ಮೇಲೆಯೇ ಇತ್ತು, ಹಾಗಾಗಿ ಇಬ್ಬರಿಗೂ ಏನೂ ಬರಲಿಲ್ಲ. ಈಗ ಅವರಿಬ್ಬರ ನಡುವೆ ಮಾತುಕತೆಯಿಲ್ಲ.

ನಮ್ಮೂರಿನಲ್ಲಿ ಎಲ್ಲರಿಗಿಂತ ಹೆಚ್ಚು ಬಿಕ್ಕುವವರು ವೆಂಕೂಬಾಯಿ. ಅವರು ಬರೆದದ್ದು ಒಂದೇ ಒಂದು ಪುಸ್ತಕ, ಉಪ್ಪಿನಕಾಯಿ ಹಾಕುವ ಕ್ರಮದ ಮೇಲೆ. ಮಾವಿನಕಾಯಿಯ ಕಾಲ ಬಂತೆಂದರೆ ಆ ಹೆಂಗಸಿಗೆ ಒಂದು ವಾಕ್ಯ ಪೂರ್ತಿ ಆಡಲಾಗುವುದಿಲ್ಲ. ಊರಿನ ಅಕ್ಷರ ಮಂಡಲಿ ಈ ವಿಷಯಕ್ಕೇ ವಿಶೇಷ ಸಭೆ ಸೇರಿ, ‘ಇದು ಅಡುಗೆಗೆ ಬಂದ ಬಿಕ್ಕಳಿಕೆ, ಸಾಹಿತ್ಯಕ್ಕೆ ಬಂದದ್ದಲ್ಲ’ ಎಂದು ತೀರ್ಮಾನಿಸಿತು. ವೆಂಕೂಬಾಯಿಯವರಿಗೆ ಆ ತೀರ್ಮಾನ ತಲುಪಿತೋ ಇಲ್ಲವೋ ಗೊತ್ತಿಲ್ಲ. ಅವರು ತಮ್ಮ ಪಾಡಿಗೆ ಎದೆ ನೀವಿಕೊಳ್ಳುತ್ತಾ, “ಈ ವರ್ಷ ಮಾವು ಚೆನ್ನಾಗ್ ಬಂದಿದೆ ಕಣ್ರೀ” ಎನ್ನುತ್ತಾರೆ.

ಇನ್ನು ನನ್ನ ವಿಷಯ. ಹೆಸರು ಅಶ್ವತ್ಥನಾರಾಯಣ. ಹೊಟ್ಟೆಪಾಡಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಮಾಪುಗಳನ್ನು ಪರೀಕ್ಷೆ ಮಾಡಿ, ಸರಿಯಾಗಿದ್ದರೆ ಮುದ್ರೆ ಒತ್ತುವುದು ನನ್ನ ಕೆಲಸ. ಸುಳ್ಳು ಕಲ್ಲಿಗೆ ನಾನು ಇದುವರೆಗೆ ಮುದ್ರೆ ಒತ್ತಿಲ್ಲ, ಅದಕ್ಕೇ ಸಂತೆಬೀದಿಯಲ್ಲಿ ನನ್ನನ್ನು ಕಂಡರೆ ಯಾರೂ ಕಾಫಿಗೆ ಕರೆಯುವುದಿಲ್ಲ. ಈ ಅನುಭವದ ಮೇಲೆಯೇ ‘ತಕ್ಕಡಿಯ ಮುಳ್ಳು’ ಎಂಬ ಕಾದಂಬರಿ ಬರೆದೆ. ಜೀವನವಿಡೀ ಕಡಿಮೆ ತೂಕದ ಕಲ್ಲು ಇಟ್ಟುಕೊಂಡು ವ್ಯಾಪಾರ ಮಾಡಿದ ಸಣ್ಣೀರಯ್ಯ ಎಂಬ ಸಾಬೂನು, ಸಕ್ಕರೆ, ಬೇಳೆ ವ್ಯಾಪಾರಿಯ ಕಥೆ. ಹದಿನೈದು ಅಧ್ಯಾಯ. ಅಚ್ಚಾದ ಪ್ರತಿಗಳಲ್ಲಿ ಬಹುಪಾಲು ನಮ್ಮ ಮನೆಯ ಮಂಚದ ಕೆಳಗಿವೆ. ಊರಿನ ಮಹಾಲೇಖಕರಾದ ಚಂದ್ರಕೇತು ಅವರು ‘ಇದು ಕಾದಂಬರಿಯಲ್ಲ, ಕಿರಾಣಿ ಅಂಗಡಿ’ ಎಂದು ಪತ್ರಿಕೆಯಲ್ಲಿ ಬರೆದ ಮೇಲೆ, ಕೊಳ್ಳಬೇಕೆಂದಿದ್ದ ನಾಲ್ಕು ಜನವೂ ಕೈ ಹಿಂದಕ್ಕೆಳೆದುಕೊಂಡರು.

ಆದರೂ ಒಬ್ಬರು ಓದುತ್ತಿದ್ದರು. ಯಾರೆಂದು ಗೊತ್ತಿರಲಿಲ್ಲ. ಸಂಜೆ ನಾನು ಕೈಕಾಲು ತೊಳೆದು ಹಜಾರದಲ್ಲಿ ಕೂರುವ ಹೊತ್ತಿಗೆ ಗಂಟಲಿನಲ್ಲಿ ಮೊದಲು ಒಂದು ಸಣ್ಣ ತಟ್ಟುವಿಕೆ, ಆಮೇಲೆ ಸರಿಯಾಗಿ ಬಿಕ್ಕಳಿಕೆ. ಒಂದು ಅಧ್ಯಾಯ ಓದಿ ಮುಗಿಸುವಷ್ಟು ಹೊತ್ತು ಬಂದು ನಿಂತುಹೋಗುತ್ತಿತ್ತು. ಮರುದಿನ ಮತ್ತೆ. ಹದಿನೈದು ದಿನಕ್ಕೊಮ್ಮೆ ಮಾತ್ರ ಒಂದು ಸಂಜೆ ಖಾಲಿ ಹೋಗುತ್ತಿತ್ತು, ಅದರ ಮರುದಿನ ಮತ್ತೆ ಶುರು. ಆ ಖಾಲಿ ಸಂಜೆಗೆ ನನ್ನ ಹೆಂಡತಿ ಕನಕ ‘ಗಂಟಲಿನ ಏಕಾದಶಿ’ ಎಂದು ಹೆಸರಿಟ್ಟಿದ್ದಳು.

“ಇವತ್ತು ನಿಮ್ ಗಂಟಲು ಉಪವಾಸ ಅಲ್ವೇನ್ರೀ? ಹಾಗಾದ್ರೆ ಉಪ್ಪಿಟ್ಟು ಮಾಡ್ತೀನಿ ಬಿಡಿ” ಎನ್ನುವಳು.

ಕನಕ ನನ್ನ ಕಾದಂಬರಿ ಓದಿಲ್ಲ. “ಅದರಲ್ಲಿ ನಾನಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ, ಇಲ್ದೇ ಇದ್ರೂ ಬಿಡಲ್ಲ. ಓದ್ದೇ ಇರೋದೇ ಕ್ಷೇಮ” ಎಂಬುದು ಅವಳ ವಾದ. ನಾನು ಆ ಒಬ್ಬ ಓದುಗನನ್ನು ಹುಡುಕಿಕೊಂಡು ಎಷ್ಟು ಅಲೆದಿದ್ದೇನೆಂದರೆ, ಸಂಜೆಯ ಹೊತ್ತು ಅಪರಿಚಿತರ ಕಿಟಕಿಗಳಲ್ಲಿ ಇಣುಕಿ ಎರಡು ಸಲ ಬೈಸಿಕೊಂಡಿದ್ದೇನೆ. ಹೆಂಗಸಿರಬೇಕು ಎಂದು ನನ್ನ ಊಹೆಯಾಗಿತ್ತು. ಗಂಭೀರ ಮುಖದ, ಕನ್ನಡಕದ, ಸಂಗೀತ ಬಲ್ಲ ಹೆಂಗಸು. ಈ ಊಹೆಯನ್ನು ಕನಕನಿಗೆ ಹೇಳಿರಲಿಲ್ಲ.

ಚಂದ್ರಕೇತು ಅವರ ಬಿಕ್ಕಳಿಕೆಯೇ ಬೇರೆ. ಅದು ಸಮಾರಂಭಗಳಲ್ಲಿ ಮಾತ್ರ ಬರುತ್ತಿತ್ತು. ಸ್ವಾಗತ ಭಾಷಣ ಮುಗಿದು ಅವರ ಹೆಸರು ಹೇಳಿದ ಕೂಡಲೇ ಆಳದಿಂದ, ಗಂಭೀರವಾಗಿ, ಮೈಕು ನಡುಗುವಂತೆ ಬರುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ‘ಬ್ರಹ್ಮಾಂಡ ಮಂಥನ’ ಎಂಬ ಅವರ ಎಂಟು ಸಂಪುಟಗಳ ಮಹಾಕೃತಿ ಊರಿನ ಗಣ್ಯರೆಲ್ಲರ ಷೋಕೇಸಿನಲ್ಲಿತ್ತು, ಗಾಜಿನ ಬಾಗಿಲಿಗೆ ಬೀಗವೂ ಇತ್ತು. ಓದಿದವರು ಯಾರೆಂದು ಕೇಳಿದರೆ ಎಲ್ಲರೂ ‘ಬೇರೆಯವರು’ ಎನ್ನುತ್ತಿದ್ದರು. ಸಭಾಭವನದ ಪಕ್ಕದ ಅಂಗಡಿಯಲ್ಲಿ ಸಾಹಿತ್ಯ ಸಮಾರಂಭದ ದಿನ ಹುರಿಹಿಟ್ಟು ಬೆಳಗ್ಗೆಯೇ ಖಾಲಿಯಾಗುತ್ತಿತ್ತು ಎಂಬುದೂ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಒಣ ಹುರಿಹಿಟ್ಟನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿದರೆ ಎಂಥವನಿಗೂ ಬಿಕ್ಕಳಿಕೆ ಬರುತ್ತದೆ. ಗೊತ್ತಿದ್ದೂ ಯಾರೂ ಆಡುತ್ತಿರಲಿಲ್ಲ, ಏಕೆಂದರೆ ವೇದಿಕೆ ಹತ್ತುವವರೆಲ್ಲರ ಜೇಬಿನಲ್ಲೂ ಒಂದೊಂದು ಪೊಟ್ಟಣ ಇರುತ್ತಿತ್ತು.

ಎಡವಟ್ಟಾದದ್ದು ಗ್ರಂಥಾಲಯ ಸಪ್ತಾಹದ ಸಮಾರೋಪದಲ್ಲಿ. ಚಂದ್ರಕೇತು ಅವರು ಮುಖ್ಯ ಅತಿಥಿಯ ಪಕ್ಕ ಕೂತು ಜೋರಾಗಿ ಒಂದು ಬಿಕ್ಕು ಬಿಕ್ಕಿದರು ನೋಡಿ, ಅದರ ಜೊತೆಗೆ ಬಾಯಿಂದ ಹಿಟ್ಟಿನ ಮೋಡವೇ ಹೊರಟು ಅತಿಥಿಯ ಕಪ್ಪು ಕೋಟಿನ ಮೇಲೆ ಕೂತಿತು. ಮುಂದಿನ ಸಾಲಿನಲ್ಲಿದ್ದವರಿಗೆ ಏಲಕ್ಕಿಯ ವಾಸನೆ ಕೂಡ ಬಂತಂತೆ. ಮರುದಿನ ಊರಿಗೆಲ್ಲ ಇದೇ ಮಾತು. ಅದೇ ತಿಂಗಳು ಅವರಿಗೆ ‘ಕಂಠಭೂಷಣ’ ಎಂಬ ದೊಡ್ಡ ಬಿರುದು ಕೊಡುವುದಿತ್ತು. ಬೆಳ್ಳಿಯ ಕಂಠಿ, ಬಸ್‌ಸ್ಟ್ಯಾಂಡ್ ರಸ್ತೆಗೆ ಅವರ ಹೆಸರು, ಅವರ ಪುಸ್ತಕ ಮನೆಮನೆಗೂ ಉಚಿತ.

ಅಕ್ಷರ ಮಂಡಲಿಯ ಅಧ್ಯಕ್ಷರು ಗುರುಬಸಪ್ಪ ಶೆಟ್ಟರು, ಅಕ್ಕಿ ಗಿರಣಿಯವರು. ಮಾನಕ್ಕೆ ಅಂಜುವ ಮನುಷ್ಯ. ನನ್ನ ಆಫೀಸಿಗೇ ಬಂದರು.

“ಇನ್ಸ್‌ಪೆಕ್ಟ್ರೇ, ನೀವು ನನ್ ಗಿರಣಿ ತಕ್ಕಡಿನ ಮೂರ್ ಸಲ ವಾಪಸ್ ಕಳ್ಸಿದೀರ. ಅದಕ್ಕೇ ನಿಮ್ಮ ಹತ್ರ ಬಂದಿದೀನಿ. ಆವಯ್ಯನ ಗಂಟಲನ್ನ ನೀವು ಪರೀಕ್ಷೆ ಮಾಡ್ಬೇಕು.”

“ನಮ್ಮ ಇಲಾಖೇಲಿ ಗಂಟಲಿಗೆ ಮುದ್ರೆ ಇಲ್ಲ ಶೆಟ್ರೇ” ಎಂದೆ.

“ಇರೋ ಮುದ್ರೇನೇ ಕಾಗದದ ಮೇಲೆ ಒತ್ತಿ. ಸಮಾರಂಭದ ದಿನ ಬೆಳಗ್ಗಿಂದ ನೀವು ಅವರ ಪಕ್ಕ ಕೂತ್ಕೊಳಿ. ನೀರು ಬಿಟ್ಟು ಏನೂ ಬಾಯಿಗೆ ಹೋಗಬಾರ್ದು. ನಿಜವಾದ್ದು ಒಂದೇ ಒಂದು ಬರ್ಲಿ, ಸಾಕು. ಬರ್ಲಿಲ್ವಾ...” ಶೆಟ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. “ಕಂಠಿ ಮಾಡ್ಸಿ ಆಗಿದೆ, ಪೆಂಡಾಲ್ ಹೇಳಿ ಆಗಿದೆ. ಯಾರಿಗಾದ್ರೂ ಹಾಕ್ಲೇಬೇಕು. ನಿಮಗೆ ದಿನಾ ಸಂಜೆ ಬರೋದನ್ನ ಬೀದಿಯೋರೆಲ್ಲ ಕೇಳಿದಾರೆ. ಆಮೇಲಿಂದು ನಿಮಗೇ ಬಿಟ್ಟಿದ್ದು.”

ನಾನು ಸನ್ಯಾಸಿಯಲ್ಲ. ಅವರು ಎದ್ದು ಹೋದ ಮೇಲೆ ಬಸ್‌ಸ್ಟ್ಯಾಂಡ್ ರಸ್ತೆಯ ಕಡೆ ಒಂದು ಸುತ್ತು ಹೋಗಿ ಬಂದೆ. ಬೋರ್ಡು ಎಲ್ಲಿ ಹಾಕಿದರೆ ಚೆನ್ನ ಎಂದು ನೋಡಿದೆ. ಅಶ್ವತ್ಥನಾರಾಯಣ ರಸ್ತೆ ಎನ್ನುವುದು ಸ್ವಲ್ಪ ಉದ್ದವಾಯಿತು ಅನಿಸಿತು. ‘ಕಿರಾಣಿ ಅಂಗಡಿ’ ಎಂದು ಬರೆದ ಮಹಾನುಭಾವರ ಕೊರಳಿನಿಂದ ಕಂಠಿ ಜಾರಿ ನನ್ನ ಕೊರಳಿಗೆ ಬೀಳುವುದನ್ನು ನೆನೆಸಿಕೊಂಡಾಗ ನನಗಾದ ಸಂತೋಷ ಸಣ್ಣದಲ್ಲ.

ಪರೀಕ್ಷೆಗೆ ಹೋಗುವ ಇನ್ಸ್‌ಪೆಕ್ಟರು ಮುಂಚೆ ಹೇಳಿ ಹೋಗುವ ಪದ್ಧತಿಯಿಲ್ಲ. ಹೇಳಿ ಹೋದರೆ ಸುಳ್ಳು ಕಲ್ಲುಗಳೆಲ್ಲ ಹಿತ್ತಲಿಗೆ ಓಡಿಹೋಗಿರುತ್ತವೆ. ಹಾಗೆಯೇ ಒಂದು ಸಂಜೆ, ಹುರಿಹಿಟ್ಟಿನ ಡಬ್ಬವನ್ನು ಕಣ್ಣಾರೆ ಕಂಡುಬಿಡೋಣ ಎಂದು, ಚಂದ್ರಕೇತು ಅವರ ಮನೆಗೆ ಹೋದೆ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು, ಅವರೊಬ್ಬರೇ ಇದ್ದರು. ಕಿಟಕಿಗಳಿಗೆ ಪರದೆಯಾಗಿ ಸನ್ಮಾನದ ಶಾಲುಗಳು. ಬಾಗಿಲು ಗಾಳಿಗೆ ಬಡಿಯದಂತೆ ಹಿತ್ತಾಳೆಯ ಸರಸ್ವತಿಯೊಂದನ್ನು ಒತ್ತಿ ಇಟ್ಟಿದ್ದರು.

ಗೇಟಿನ ಬಳಿ ಬರುವಷ್ಟರಲ್ಲಿ ನನ್ನ ಹೊತ್ತು ಆಯಿತು. ಬಿಕ್ಕಳಿಕೆ ಶುರುವಾಯಿತು. ಬಾಯಿಗೆ ಕರ್ಚೀಫು ಒತ್ತಿಕೊಂಡು ಕಿಟಕಿಯ ಶಾಲಿನ ಸಂದಿಯಿಂದ ನೋಡಿದೆ. ಮಹಾಲೇಖಕರು ಬನಿಯನ್ನು, ಪಂಚೆಯಲ್ಲಿ ಈಸಿಛೇರಿನಲ್ಲಿ ಕೂತು ಯಾವುದೋ ಪುಸ್ತಕ ಓದುತ್ತಿದ್ದರು. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿತ್ತು. ಅವರು ಏನೋ ಓದಿ ಕಿಸಕ್ಕನೆ ನಕ್ಕರು, ನನಗೆ ಎರಡು ಒಟ್ಟಿಗೆ ಬಂದವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನನ್ನ ಬಿಕ್ಕಳಿಕೆ ನಿಂತಿತು. ಕನ್ನಡಕ ಹಾಕಿಕೊಂಡು ಹಾಳೆ ತಿರುಗಿಸಿದರು, ಕರ್ಚೀಫು ಹಾರಿಹೋಗುವಂಥದ್ದೊಂದು ಬಂತು.

ನನ್ನ ಸಂಗೀತ ಬಲ್ಲ ಗಂಭೀರ ಹೆಂಗಸು ಅಲ್ಲಿಗೆ ತೀರಿಕೊಂಡಳು. ಬಾಗಿಲಿನ ಸರಸ್ವತಿಯನ್ನು ಎಡವಿ ಒಳಗೆ ಹೋದೆ.

ಅವರು ತಲೆ ಎತ್ತದೆಯೇ, “ಯಾರ್ರೀ ಅದು? ಹೊರಗೆ ಹೋಗಿ ಬಿಕ್ಕಿ. ಓದ್ತಾ ಇರೋದು ಕಾಣ್ಸಲ್ವಾ?” ಎಂದರು. ಆಮೇಲೆ ನನ್ನನ್ನು ನೋಡಿದರು. ಪುಸ್ತಕವನ್ನು ತೊಡೆಯ ಕೆಳಗೆ ಸೇರಿಸಲು ಹೋಗಿ, ಪ್ರಯೋಜನವಿಲ್ಲವೆಂದು ಮತ್ತೆ ಮೇಲಿಟ್ಟುಕೊಂಡರು.

ನಾನೇ ಕೇಳಿದೆ: “ಕಿರಾಣಿ ಅಂಗಡಿ ಅಂತ ಬರೆದಿದ್ರಲ್ಲ ಸಾರ್?”

“ಮತ್ತಿನ್ನೇನು ಬರೀಬೇಕಿತ್ತು? ಚೆನ್ನಾಗಿದೆ ಅಂತ ಬರೆದ್ರೆ ಊರೆಲ್ಲ ಓದೋದು. ಆಮೇಲೆ ನನ್ನ ಗತಿ?” ಎಂದರು. ನಾಚಿಕೆಯೇನೂ ಇರಲಿಲ್ಲ. “ಕೂತ್ಕೊಳ್ಳಿ. ಆ ಸಣ್ಣೀರಯ್ಯ ಗಿರಾಕಿ ಮುಂದೆ ಸುಳ್ಳು ಕಲ್ಲಿಟ್ಟು ತಕ್ಕಡಿ ಎತ್ತೋವಾಗೆಲ್ಲ ಕೆಮ್ಮೋದು ಬರೆದಿದೀರಲ್ಲ, ಅದೊಂದಕ್ಕೇ ನಿಮ್ಮನ್ನ ಎಷ್ಟು ಸಲ ಬೈಕೊಂಡಿದೀನಿ ಗೊತ್ತಾ? ನನಗ್ಯಾಕೆ ಹೊಳೀಲಿಲ್ಲ ಅಂತ.”

ಇಷ್ಟು ವರ್ಷದಲ್ಲಿ ನನ್ನ ಪುಸ್ತಕದ ಬಗ್ಗೆ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು. ನನಗೆ ಕಣ್ಣು ತುಂಬಿ ಬಂತು ಎಂದರೆ ನೀವು ನಗಬಾರದು. ಹಾಗೆ ತುಂಬಿದ ಕಣ್ಣು ಅವರ ಮುಂದಿನ ಮಾತಿಗೆ ಒಣಗಿಯೂ ಹೋಯಿತು.

“ಆದ್ರೆ ಕೊನೇ ಅಧ್ಯಾಯ ದಂಡ ಕಣ್ರೀ. ಅಷ್ಟು ಒಳ್ಳೇ ಕಳ್ಳನ್ನ ಹಿಡ್ಕೊಂಡ್ ಬಂದು, ಪಶ್ಚಾತ್ತಾಪ ಮಾಡ್ಸಿ, ಊರಿಗೆಲ್ಲ ಊಟ ಹಾಕ್ಸಿ, ಸೂರ್ಯೋದಯ ಮಾಡ್ಸಿದೀರಲ್ಲ! ಯಾರು ಕೇಳಿದ್ರು ನಿಮ್ಮನ್ನ? ನಾನು ಅದನ್ನ ಒಂದು ಸಲ ನೋಡಿದ್ದು ಅಷ್ಟೆ. ಅವತ್ತಿಂದ ಹದಿನಾಲ್ಕಕ್ಕೇ ನಿಲ್ಲಿಸಿ, ಒಂದು ದಿನ ಸುಮ್ನಿದ್ದು, ಮತ್ತೆ ಮೊದಲಿಂದ ಶುರು ಮಾಡ್ತೀನಿ.”

ಏಕಾದಶಿಯ ಗುಟ್ಟು ಹೀಗೆ ಬಯಲಾಯಿತು. ಮನೆಯಲ್ಲಿ ಉಪ್ಪಿಟ್ಟು ತಿಂದ ಸಂಜೆಗಳೆಲ್ಲ ನೆನಪಾಗಿ ಮೈ ಉರಿಯಿತು. ಪರೀಕ್ಷೆಗೆ ಬಂದವನೆಂದು ನೆನಪು ಮಾಡಿಕೊಂಡು, ಶೆಟ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಸಮಾರಂಭದ ದಿನ ಹುರಿಹಿಟ್ಟಿಗೆ ಅವಕಾಶವಿಲ್ಲ, ನಾನು ಪಕ್ಕದಲ್ಲೇ ಇರುತ್ತೇನೆ ಎಂದೆ.

ಚಂದ್ರಕೇತು ಈಸಿಛೇರಿನ ಕೈಯನ್ನು ಒಮ್ಮೆ ಸವರಿದರು. ಆಮೇಲೆ, “ಒಂದು ಕೇಳ್ತೀನಿ, ನಗಬೇಡಿ” ಎಂದರು. “ಅದು ಹೆಂಗಿರುತ್ತೆ?”

“ಯಾವುದು ಸಾರ್?”

“ನಿಜವಾದ್ದು. ನನಗೆ ಒಂದೂ ಬಂದಿಲ್ಲ.”

ಎಂಟು ಸಂಪುಟ ಬರೆದವರು ಬನಿಯನ್ನಿನಲ್ಲಿ ಕೂತು ಹೀಗೆ ಕೇಳಿದರೆ ಏನು ಹೇಳುವುದು? “ಮೊದಲು ಸ್ವಲ್ಪ ಮುಜುಗರ ಆಗುತ್ತೆ” ಎಂದೆ. “ಯಾರೋ ಹೊರಗಡೆಯಿಂದ ಬಾಗಿಲು ತಟ್ಟಿದ ಹಾಗೆ. ನೀರು ಕುಡಿಯೋಣ ಅನ್ಸುತ್ತೆ, ಆದ್ರೆ ಕುಡಿಯೋಕೆ ಮನಸ್ಸು ಬರಲ್ಲ.”

“ಹುರಿಹಿಟ್ಟಿಂದು ಬರೀ ಎದೆ ಉರಿ” ಎಂದರು ಅವರು.

ನಾನು ಅವರನ್ನು ಹಿಡಿಯಲು ಬಂದವನು. ಬಂದ ಕೆಲಸ ಆಗಿತ್ತು, ಎದ್ದು ಹೋಗಬಹುದಿತ್ತು. ಆದರೆ ಕೂತಲ್ಲೇ ಒಂದು ಲೆಕ್ಕ ಹೊಳೆಯಿತು. ಈ ಮನುಷ್ಯನನ್ನು ತುಂಬಿದ ಸಭೆಯಲ್ಲಿ ಬೆತ್ತಲೆ ಮಾಡಿ, ಅವರ ಕಂಠಿಯನ್ನು ನಾನು ಹಾಕಿಕೊಂಡರೆ, ಮರುದಿನ ಸಂಜೆ ಅವರು ಯಾವ ಮನಸ್ಸಿನಿಂದ ನನ್ನ ಪುಸ್ತಕ ತೆರೆಯುತ್ತಾರೆ? ನನ್ನ ಹೆಸರಿನ ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತವೆ, ನನ್ನ ಪುಸ್ತಕ ಮನೆಮನೆಯ ಷೋಕೇಸಿಗೆ ಹೋಗುತ್ತದೆ, ನನ್ನ ಗಂಟಲಿಗೆ ದಿನಾ ಏಕಾದಶಿ. ಆಮೇಲೆ ನಾನೂ ಸಭಾಭವನದ ಪಕ್ಕದ ಅಂಗಡಿಗೆ ಹೋಗಬೇಕಾಗುತ್ತದೆ.

“ನೀವು ಬರೆದಿದ್ರಲ್ಲಿ ಓದೋ ಅಂಥದ್ದು ಏನಾದ್ರೂ ಇದೆಯಾ?” ಎಂದು ಕೇಳಿದೆ. ಕೇಳಿದ ರೀತಿ ಸರಿಯಿರಲಿಲ್ಲ, ಒಪ್ಪುತ್ತೇನೆ. ಅವರು ಸಂಪುಟಗಳ ಕಡೆ ಕೈ ಮಾಡಿದರು. “ಅದಲ್ಲ” ಎಂದೆ. ಅವರಿಗೂ ಅರ್ಥವಾಯಿತು. ಒಳಗೆ ಹೋಗಿ ಅಟ್ಟದಿಂದ ಒಂದು ತೆಳ್ಳನೆಯ ಪುಸ್ತಕ ತಂದು, ಧೂಳು ಕೊಡವಿ, ಕೊಡಲೋ ಬೇಡವೋ ಎಂಬಂತೆ ಕೊಟ್ಟರು. ‘ಅರ್ಧ ಗಂಟೆ ಸೈಕಲ್ಲು’. ಬರೆದವರು ಮುದ್ದುರಂಗಪ್ಪ.

“ಅದು ನಾನೇ. ಚಂದ್ರಕೇತು ಆಗೋಕೆ ಮುಂಚೆ. ನಮ್ಮಪ್ಪಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಅಲ್ಲಿ ನಡೆದಿದ್ದನ್ನ ಹಂಗೇ ಬರೆದಿದೀನಿ. ಯಾರಿಗೂ ತೋರಿಸ್ಬೇಡಿ ಮಾರಾಯ್ರೇ, ಘನತೆಗೆ ಕಡಿಮೆ.”

ಮನೆಗೆ ತಂದು ಓದಲು ಕೂತೆ. ಸಾಧ್ಯವಾಗಲಿಲ್ಲ. ಒಂದು ಸಾಲು ಓದುವುದು, ಅವರಿಗೆ ಬಂತೋ ಏನೋ ಎಂದು ಯೋಚಿಸುವುದು, ಕಂಠಿ ಕಣ್ಣ ಮುಂದೆ ಬರುವುದು, ಮತ್ತೆ ಅದೇ ಸಾಲು. ಇಂಥ ಓದಿಗೆ ಯಾರ ಗಂಟಲೂ ಮಿಸುಕುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪುಸ್ತಕವನ್ನು ಮಂಚದ ಮೇಲೆ ಎಸೆದೆ. ಅದೇ ಸಿಟ್ಟಿನಲ್ಲಿ ಮಂಚದ ಕೆಳಗಿನಿಂದ ನನ್ನ ಕಾದಂಬರಿ ಎಳೆದು ಕೊನೆಯ ಅಧ್ಯಾಯ ಓದಿದೆ, ಆವಯ್ಯನ ಮಾತು ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಲು. ಸೂರ್ಯೋದಯದ ಹೊತ್ತಿಗೆ ನನಗೇ ಆಕಳಿಕೆ ಬಂತು. ಆ ಅಧ್ಯಾಯವನ್ನು ನಾನು ಬರೆದದ್ದೇ ಅಕ್ಷರ ಮಂಡಲಿಯವರಿಗೆ ಇಷ್ಟವಾಗಲಿ ಎಂದು. ಕಳ್ಳ ಒಳ್ಳೆಯವನಾದರೆ ಅವರು ಬಹುಮಾನ ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಪುಸ್ತಕದಲ್ಲಿ ತೂಕ ಕಡಿಮೆಯಿದ್ದ ಕಲ್ಲು ಅದೊಂದೇ, ಅದಕ್ಕೆ ಮುದ್ರೆ ಒತ್ತಿದವನು ನಾನು.

ಬಿಳಿ ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಊಟ ಹಾಕಿಸಲಿಲ್ಲ, ಸೂರ್ಯನನ್ನು ಕರೆಯಲಿಲ್ಲ. ಸಣ್ಣೀರಯ್ಯ ಎಂದಿನಂತೆ ಅಂಗಡಿ ತೆರೆಯುತ್ತಾನೆ. ಗಿರಾಕಿ ಬರುತ್ತಾಳೆ. ಅವನು ತಕ್ಕಡಿ ಎತ್ತುತ್ತಾನೆ, ಕೆಮ್ಮು ಬರುವುದಿಲ್ಲ. ಅಷ್ಟೆ. ಬರೆದು ಮುಗಿಸಿದಾಗ ಇದನ್ನು ಓದಬೇಕಾದವರು ಈ ಊರಿನಲ್ಲಿ ಒಬ್ಬರೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸಮಾರಂಭದ ದಿನ ಬೆಳಗ್ಗೆ ಶೆಟ್ಟರ ಆಳುಗಳು ಚಂದ್ರಕೇತು ಅವರ ಜೇಬು ತಡಕಿ, ಬಾಯಿ ತೊಳೆಸಿ, ವೇದಿಕೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ನಾನು, ಮುಂದೆ ಮೇಜಿನ ಮೇಲೆ ಪ್ರಮಾಣಪತ್ರ, ಇಲಾಖೆಯ ಮುದ್ರೆ. ಭಾಷಣಗಳು ಶುರುವಾದವು. ‘ಬ್ರಹ್ಮಾಂಡ ಮಂಥನ’ದ ಬಗ್ಗೆ ಒಬ್ಬೊಬ್ಬರೂ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಪುಸ್ತಕವನ್ನು ತೆರೆದು ನೋಡಿದವರಿಗೆ ಅಷ್ಟು ಚೆನ್ನಾಗಿ ಮಾತಾಡಲು ಸಾಧ್ಯವೇ ಇಲ್ಲ. ಮಧ್ಯಾಹ್ನವಾಯಿತು, ಊಟವಾಯಿತು. ಅವರಿಗೂ ನನಗೂ ನೀರು ಮಾತ್ರ. ಮತ್ತೆ ಭಾಷಣ. ಅವರ ಗಂಟಲು ಸದ್ದು ಮಾಡಲಿಲ್ಲ. ಸಂಜೆಯ ಬಿಸಿಲು ಪೆಂಡಾಲಿನ ತೂತುಗಳಿಂದ ಇಳಿಯತೊಡಗಿದಾಗ ಶೆಟ್ಟರು ಹಿಂದಿನಿಂದ ಬಗ್ಗಿ ನನ್ನ ಕಿವಿಯಲ್ಲಿ, “ಇನ್ಸ್‌ಪೆಕ್ಟ್ರೇ, ಕಂಠಿ ನಿಮ್ ಕಡೆ ತಿರುಗ್ಸೋದಾ?” ಎಂದರು.

“ಒಂದ್ ನಿಮಿಷ ಇರಿ” ಎಂದೆ.

ಚಂದ್ರಕೇತು ಅವರಿಗೆ ಕೇಳಿಸಿತ್ತು. ಮುಂದಕ್ಕೇ ನೋಡುತ್ತಾ, ತುಟಿ ಅಲುಗಿಸದೆ ಹೇಳಿದರು: “ತಗೊಳ್ಳಿ ಅಶ್ವತ್ಥನಾರಾಯಣರೇ. ನನಗೇನೂ ಬೇಜಾರಿಲ್ಲ. ಆದ್ರೆ ನಾಳೆಯಿಂದ ನಿಮ್ಮ ಪುಸ್ತಕ ಓದೋಕೆ ನನ್ನಿಂದ ಆಗುತ್ತೋ ಇಲ್ವೋ, ಅದನ್ನ ಮಾತ್ರ ಈಗ್ಲೇ ಹೇಳಲಾರೆ.”

ಬೆದರಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ನನ್ನ ಕೈ ಮುದ್ರೆಯ ಮೇಲಿತ್ತು. ಸುಮ್ಮನೆ ಒತ್ತಿಬಿಡಬಹುದಿತ್ತು. ಒಂದು ಸುಳ್ಳು ಮುದ್ರೆ, ಒಬ್ಬ ನಿಜವಾದ ಓದುಗ. ಯಾವ ಅಂಗಡಿಯವನಾದರೂ ಒಪ್ಪುವ ವ್ಯಾಪಾರ. ನನ್ನ ಕೈ ಏಳಲೂ ಇಲ್ಲ, ಇಳಿಯಲೂ ಇಲ್ಲ.

ಆಗ ಬಂತು. ಹುರಿಹಿಟ್ಟಿನ ಗಂಭೀರ ಬಿಕ್ಕಳಿಕೆಯಲ್ಲ. ಮಗುವಿಗೆ ಹಾಲು ಕುಡಿದ ಮೇಲೆ ಬರುತ್ತದಲ್ಲ, ಅಂಥ ಸಣ್ಣ ‘ಹಿಕ್ಕ್’. ಚಂದ್ರಕೇತು ಎರಡೂ ಕೈಯಿಂದ ಗಂಟಲು ಮುಟ್ಟಿಕೊಂಡರು. ಇನ್ನೊಂದು ಬಂತು. ಭಾಷಣ ಮಾಡುತ್ತಿದ್ದವರು ನಿಲ್ಲಿಸಿದರು. ಆ ಮುದುಕರ ಮುಖವನ್ನು ನೀವು ನೋಡಬೇಕಾಗಿತ್ತು. ಜಾತ್ರೆಯಲ್ಲಿ ಕಳೆದುಹೋದವರನ್ನು ಯಾರೋ ಹೆಸರು ಹಿಡಿದು ಕರೆದ ಹಾಗೆ, ಸಭೆಯ ಉದ್ದಗಲಕ್ಕೂ ಕಣ್ಣಾಡಿಸುತ್ತಿದ್ದರು.

ನಾನೂ ನೋಡಿದೆ. ಗಂಡಸರ ಕಡೆ ಅರ್ಧ ಜನ ನಿದ್ದೆ, ಇನ್ನರ್ಧ ಜನ ಆಕಳಿಕೆ. ಹೆಂಗಸರ ಕಡೆ ಎಂದಿನಂತೆ ಕೈಗೆಲಸ ನಡೆದಿತ್ತು, ಅವರೆಕಾಳು ಬಿಡಿಸುವವರು, ಹೂ ಕಟ್ಟುವವರು. ನಮ್ಮ ಕನಕ ಇಂಥ ಸಭೆಗಳಲ್ಲಿ ಹೂ ಕಟ್ಟುವವಳು. ಆ ದಿನ ಹೂ ಸಿಕ್ಕಿರಲಿಲ್ಲ. ತೊಡೆಯ ಮೇಲೆ ಒಂದು ತೆಳ್ಳನೆಯ ಪುಸ್ತಕ ಇಟ್ಟುಕೊಂಡು, ತಲೆ ಬಗ್ಗಿಸಿ, ತುಟಿ ಅಲುಗಿಸುತ್ತಾ, ಊರು ಕೇರಿ ಮರೆತು ಕೂತಿದ್ದಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ಪಕ್ಕದಲ್ಲಿ ‘ಹಿಕ್ಕ್’ ಎಂದಿತು. ಹಾಳೆ ತಿರುಗಿಸಿದಳು. ‘ಹಿಕ್ಕ್’.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಏಕೆ ಹೇಳಲಿ? ಅವಳ ಮಂಚದ ಕೆಳಗೇ ನನ್ನ ಪುಸ್ತಕ ಇಷ್ಟು ವರ್ಷದಿಂದ ಬಿದ್ದಿದೆ. ಒಂದು ದಿನವೂ ಬಗ್ಗಿ ತೆಗೆದವಳಲ್ಲ. ಈಗ ನೋಡಿದರೆ ಪರರ ಸೈಕಲ್ಲು ಹತ್ತಿಕೊಂಡು ಹೊರಟಿದ್ದಾಳೆ. ಆದರೆ ಮುದ್ರೆಯ ಮೇಲಿದ್ದ ಕೈ ಹೊಟ್ಟೆಕಿಚ್ಚಿನದಲ್ಲ, ಇಲಾಖೆಯದು. ಪ್ರಮಾಣಪತ್ರದ ಮೇಲೆ ‘ತೂಕ ಸರಿಯಾಗಿದೆ’ ಎಂದು ಬರೆದು ಗಟ್ಟಿಯಾಗಿ ಒತ್ತಿದೆ. ಶೆಟ್ಟರು ಕಂಠಿ ಹಾಕಿದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಆ ಗಲಾಟೆಗೆ ಕನಕ ಪುಸ್ತಕ ಮುಚ್ಚಿದಳು, ಅವರ ಬಿಕ್ಕಳಿಕೆಯೂ ನಿಂತಿತು. ಯಾರಿಗೂ ಅದರ ಗಮನವಿರಲಿಲ್ಲ. ಎಲ್ಲರೂ ಹಣ್ಣಿನ ಬುಟ್ಟಿ ಕೊಟ್ಟರು, ನಾನೂ ಕೊಟ್ಟೆ. ನನ್ನ ಬುಟ್ಟಿಯಲ್ಲಿ ಮೂಸಂಬಿಗಳ ಕೆಳಗೆ ಕೊನೆಯ ಅಧ್ಯಾಯದ ಹಾಳೆಗಳಿದ್ದವು.

ದಾರಿಯಲ್ಲಿ ಕನಕನನ್ನು, “ಏನು ಓದ್ತಿದ್ದೆ?” ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

“ಮಂಚದ ಮೇಲೆ ಬಿದ್ದಿತ್ತು ಕಣ್ರೀ, ಗಾಳಿ ಬೀಸ್ಕೊಳ್ಳೋಕೆ ಅಂತ ಚೀಲಕ್ಕೆ ಹಾಕ್ಕೊಂಡೆ. ಯಾರೋ ಮುದ್ದುರಂಗಪ್ಪ ಅಂತೆ. ಅಯ್ಯೋ, ನಾನೂ ನಮ್ಮಕ್ಕನೂ ಅಪ್ಪನಿಗೆ ಗೊತ್ತಾಗ್ದಂಗೆ ಬಾಡಿಗೆ ಸೈಕಲ್ ತಗೊಂಡು ಕಲಿತಿದ್ದು, ಬಿದ್ದಿದ್ದು, ಎಲ್ಲಾ ಇದ್ದಂಗೇ ಇದೆ. ಆ ಪುಣ್ಯಾತ್ಮ ಆಮೇಲೆ ಏನೂ ಬರೀಲಿಲ್ವಾ?”

“ಬರೆದ, ಎಂಟು ಸಂಪುಟ” ಎಂದೆ. ಅವಳು ಅದು ಯಾರೋ ಬೇರೆಯವರಿರಬೇಕು ಎಂದಳು.

ಆ ಎಂಟು ಸಂಪುಟಗಳು ಮನೆಮನೆಗೂ ಬಂದವು. ನಮ್ಮ ಪಕ್ಕದ ಮನೆಯವರು ಅದರ ಮೇಲೆ ನೀರಿನ ಬಿಂದಿಗೆ ಇಟ್ಟಿದ್ದಾರೆ, ಎತ್ತರ ಸರಿಹೋಗಿದೆಯಂತೆ. ಚಂದ್ರಕೇತು ಹುರಿಹಿಟ್ಟು ಬಿಟ್ಟಿದ್ದಾರೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಸಣ್ಣಗೆ ಬರುತ್ತದೆ. ಯಾರಿರಬಹುದು ಎಂದು ನನ್ನನ್ನು ಎರಡು ಮೂರು ಸಲ ಕೇಳಿದರು. “ಇಲಾಖೆಯ ವಿಷಯ, ಹೊರಗೆ ಹೇಳೋ ಹಾಗಿಲ್ಲ” ಎಂದೆ. ಸಂಗೀತ ಬಲ್ಲ ಹೆಂಗಸಿರಬೇಕು ಎಂದು ಅವರ ಊಹೆ. ಇರಲಿ ಬಿಡಿ. ನಮ್ಮ ಮನೆಯಲ್ಲಿ ಒಂದೇ ಒಂದು ಕಟ್ಟಳೆ ಮಾಡಿದ್ದೇನೆ: ದೀಪ ಹಚ್ಚಿದ ಮೇಲೆ ಕನಕ ಆ ಸೈಕಲ್ಲಿನ ಪುಸ್ತಕ ಮುಟ್ಟಬಾರದು. ಏಕೆಂದು ಅವಳಿಗೆ ಗೊತ್ತಿಲ್ಲ. ಬಿಕ್ಕುತ್ತಾ ಕೂತ ಮನುಷ್ಯ ನನ್ನ ಪುಸ್ತಕ ಓದುವುದು ಹೇಗೆ?

ಸಮಾರಂಭದ ಮರುದಿನ ಸಂಜೆ ನಾನು ಕೈಕಾಲು ತೊಳೆಯುವುದಕ್ಕೂ ಹೆದರಿಕೊಂಡಿದ್ದೆ. ಆದರೆ ಹೊತ್ತಿಗೆ ಸರಿಯಾಗಿ ಬಂತು. ಅದರ ಮರುದಿನವೂ ಬಂತು. ಚಂದ್ರಕೇತು ಒಂದೊಂದೇ ಅಧ್ಯಾಯ ದಾಟುತ್ತಾ ಬಂದರು. ಕೆಮ್ಮಿನ ಅಧ್ಯಾಯದಂದು ಎಂದಿನಂತೆ ಎರಡು ಒಟ್ಟಿಗೆ ಬಂದವು. ಹದಿನಾಲ್ಕು ಮುಗಿಯಿತು. ಹಾಳೆಗಳು ಅವರಿಗೆ ಸಿಕ್ಕವೋ, ಬುಟ್ಟಿಯನ್ನು ಹಾಗೇ ಮಗಳ ಮನೆಗೆ ಕಳಿಸಿಬಿಟ್ಟರೋ ನನಗೆ ಗೊತ್ತಿರಲಿಲ್ಲ. ಕೇಳಲು ಅಭಿಮಾನ ಬಿಡಲಿಲ್ಲ. ಕೇಳಿ ಓದಿಸಿದರೆ ಅದು ಓದೂ ಅಲ್ಲ.

ಅದರ ಮರುದಿನ ಸಂಜೆ ಕನಕ ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದಳು. ನಾನು ಹಜಾರದಲ್ಲಿ ಕೂತು ಗೋಡೆ ನೋಡುತ್ತಿದ್ದೆ. ದೀಪ ಹಚ್ಚಿದ್ದಾಯಿತು. ಬೀದಿಯಲ್ಲಿ ಮೊಸರಿನವಳು ಕೂಗಿಕೊಂಡು ಹೋದಳು. ಏನೂ ಇಲ್ಲ. ಹಣ್ಣಿನ ಬುಟ್ಟಿಯನ್ನೂ ಅದನ್ನು ಹೆಣೆದವನನ್ನೂ ಮನಸ್ಸಿನಲ್ಲೇ ಬೈಯುತ್ತಾ ಏಳಲು ಹೋದೆ. ಆಗ ಗಂಟಲಿನಲ್ಲಿ ಒಂದು ಸಣ್ಣ ತಟ್ಟುವಿಕೆ. ಕೂತುಕೊಂಡೆ. ಎರಡನೆಯದು ಬಂತು, ಮೂರನೆಯದು ಬಂತು. ಸಣ್ಣೀರಯ್ಯ ಅಂಗಡಿಯ ಬಾಗಿಲು ತೆಗೆಯುತ್ತಿದ್ದ.

ಕನಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. “ಇವತ್ತು ಏಕಾದಶಿ ಅಲ್ವೇನ್ರೀ? ನೀರು ಕೊಡ್ಲಾ?”

ಬೇಡವೆಂದು ಕೈಯಾಡಿಸಿದೆ. ಬಾಯಿಬಿಟ್ಟು ಹೇಳುವಷ್ಟು ಬಿಡುವನ್ನು ಅವರು ಕೊಡುತ್ತಿರಲಿಲ್ಲ.